ಶೈತ್ಯ ಕಂಪ್ರೆಸರಿನ ಎಣ್ಣೆ ಬದಲಾವಣೆ

ಶೈತ್ಯೀಕರಣ ಯಂತ್ರದ ಕಂಪ್ರೆಸರಿನೊಳಗಿನ ಹಳೆಯ ಕೀಲೆಣ್ಣೆಯನ್ನು ತೆಗೆದು ಹೊಸದನ್ನು ತುಂಬುವ ನಿರ್ವಹಣಾ ಕೆಲಸ. ಮನೆಯ ಫ್ರಿಜ್ಜಿಗೆ ಇದರ ಪ್ರಸಂಗ ಬರುವುದು ಅಪರೂಪ. ಐಸ್ ಪ್ಲಾಂಟ್, ಕೋಲ್ಡ್ ಸ್ಟೋರೇಜ್, ಹಾಲಿನ ಡೇರಿ, ದೊಡ್ಡ ಕಟ್ಟಡಗಳ ಚಿಲ್ಲರ್ ಮುಂತಾದ ಕಡೆ ಇದು ವಾಡಿಕೆಯ ಕೆಲಸ. ಲಾರಿಯ ಎಂಜಿನ್ ಆಯಿಲ್ ಬದಲಿಸುವುದನ್ನು ಕಂಡವರಿಗೆ ಇದೂ ಅಂಥದ್ದೇ ಎನ್ನಿಸಬಹುದು. ಆದರೆ ಎಂಜಿನ್ನಿನ ಎಣ್ಣೆಗೆ ಮಸಿ, ಹೊಗೆ, ಸುಡದೆ ಉಳಿದ ಇಂಧನ ಬೆರೆಯುತ್ತಲೇ ಇರುತ್ತವೆ. ಓಡಿದಷ್ಟೂ ಅದು ಕೆಡಲೇಬೇಕು. ಶೈತ್ಯ ಯಂತ್ರದ ಎಣ್ಣೆಯಾದರೋ ಬಿಗಿಯಾಗಿ ಮುಚ್ಚಿದ ಕೊಳವೆಗಳೊಳಗೆ ತಂಪು ಹುಟ್ಟಿಸುವ ಗ್ಯಾಸಿನ ಜೊತೆಯಲ್ಲೇ ಇರುವಂಥದು. ಗಾಳಿ, ತೇವ, ಅತಿಯಾದ ಬಿಸಿ ಈ ಮೂರೂ ಅದರ ಹತ್ತಿರ ಸುಳಿಯದಿದ್ದರೆ ಯಂತ್ರದ ಆಯುಷ್ಯ ಮುಗಿಯುವವರೆಗೂ ಅದು ಚೆನ್ನಾಗಿಯೇ ಇರಬಲ್ಲದು. ತೊಡಕಿರುವುದು ಇಲ್ಲೇ: ಎಣ್ಣೆ ಬದಲಿಸಲೆಂದು ಕಂಪ್ರೆಸರ್ ತೆರೆದಾಗಲೇ ಗಾಳಿಗೂ ತೇವಕ್ಕೂ ಒಳಗೆ ಹೋಗುವ ದಾರಿ ಸಿಗುತ್ತದೆ. ಹೀಗಾಗಿ ಎಣ್ಣೆಯನ್ನು ಯಾವಾಗ ಬದಲಿಸಬೇಕು ಎಂಬುದನ್ನು ಬಲ್ಲಷ್ಟೇ ಚೆನ್ನಾಗಿ ಯಾವಾಗ ಮುಟ್ಟಬಾರದು ಎಂಬುದನ್ನೂ ಬಲ್ಲವನು ಒಳ್ಳೆಯ ಮೆಕ್ಯಾನಿಕ್.

ಎಣ್ಣೆಯ ಕೆಲಸ, ಎಣ್ಣೆಯ ಸಂಚಾರ

ಬೇರಿಂಗ್, ಪಿಸ್ಟನ್, ಕ್ರ್ಯಾಂಕ್‌ಶಾಫ್ಟ್‌ಗಳ ಸವೆತ ತಡೆಯುವುದು ಎಣ್ಣೆಯ ಮೊದಲ ಕೆಲಸ. ಇದರ ಜೊತೆಗೆ ಅದು ಉಜ್ಜಾಟದಿಂದ ಹುಟ್ಟಿದ ಬಿಸಿಯನ್ನು ಹೊತ್ತೊಯ್ಯುತ್ತದೆ, ಲೋಹದ ಪುಡಿಯನ್ನು ತೊಳೆದು ಫಿಲ್ಟರಿಗೆ ತಲುಪಿಸುತ್ತದೆ. ಬೆಲ್ಟ್ ಅಥವಾ ಕಪ್ಲಿಂಗ್‌ನಿಂದ ಓಡುವ ತೆರೆದ ಮಾದರಿಯ ಕಂಪ್ರೆಸರಿನಲ್ಲಿ ಶಾಫ್ಟ್ ಹೊರಬರುವ ಜಾಗದ ಸೀಲನ್ನು ಹಸಿಯಾಗಿಟ್ಟು ಗ್ಯಾಸ್ ಸೋರದಂತೆ ಕಾಯುತ್ತದೆ; ತಿಂಗಳುಗಟ್ಟಲೆ ನಿಲ್ಲಿಸಿದ ಕಂಪ್ರೆಸರ್ ಸೋರತೊಡಗುವುದು ಬಹಳ ಸಲ ಈ ಸೀಲು ಒಣಗಿದ್ದರಿಂದಲೇ. ಸ್ಕ್ರೂ ಕಂಪ್ರೆಸರಿನಲ್ಲಿ ಎಣ್ಣೆಯ ಹೊಣೆ ಇನ್ನೂ ದೊಡ್ಡದು. ಎರಡು ರೋಟರ್‌ಗಳ ನಡುವಿನ ಸಂದನ್ನು ಮುಚ್ಚುವುದು, ಒತ್ತಡಕ್ಕೆ ಸಿಕ್ಕು ಕಾದ ಗ್ಯಾಸನ್ನು ತಣಿಸುವುದು, ಸಾಮರ್ಥ್ಯ ಹೆಚ್ಚುಕಡಿಮೆ ಮಾಡುವ ಸ್ಲೈಡ್ ವಾಲ್ವನ್ನು ತಳ್ಳುವುದು ಎಲ್ಲವೂ ಅದರದೇ.

ಎಣ್ಣೆ ಕಂಪ್ರೆಸರಿನ ತಳದ ಸಂಪಿನಲ್ಲಿ ಸುಮ್ಮನೆ ಕೂತಿರುವುದಿಲ್ಲ. ಕಂಪ್ರೆಸರಿನಿಂದ ಹೊರಟ ಬಿಸಿ ಗ್ಯಾಸಿನ ಜೊತೆ ಸ್ವಲ್ಪ ಎಣ್ಣೆ ಹನಿಯಾಗಿ, ಸ್ವಲ್ಪ ಆವಿಯಾಗಿ ಹೊರಬೀಳುತ್ತದೆ. ಆಯಿಲ್ ಸೆಪರೇಟರ್ ಬಹುಪಾಲನ್ನು ಹಿಡಿದು ಹಿಂದಿರುಗಿಸಿದರೂ ಉಳಿದದ್ದು ಕಂಡೆನ್ಸರ್, ರಿಸೀವರ್, ಎಕ್ಸ್‌ಪ್ಯಾನ್ಶನ್ ವಾಲ್ವ್, ಕೂಲಿಂಗ್ ಕಾಯಿಲ್ ಎಲ್ಲ ಸುತ್ತಿ ಸಕ್ಷನ್ ಪೈಪಿನ ಮೂಲಕ ಮರಳಬೇಕು. ಮರಳಬೇಕಾದರೆ ಪೈಪಿನೊಳಗೆ ಗ್ಯಾಸಿಗೆ ಸಾಕಷ್ಟು ವೇಗವಿರಬೇಕು. ಅಡ್ಡ ಪೈಪಿನಲ್ಲಿ ಸೆಕೆಂಡಿಗೆ ಸುಮಾರು 3 ಮೀಟರ್, ಮೇಲಕ್ಕೇರುವ ಪೈಪಿನಲ್ಲಿ ಸುಮಾರು 5 ಮೀಟರ್ ಎಂಬುದು ವಿನ್ಯಾಸಕಾರರು ಇಟ್ಟುಕೊಳ್ಳುವ ಅಂದಾಜು. ಮೇಲೇರುವ ಪೈಪಿನ ಬುಡದಲ್ಲಿ ಬಳುಕು ಕೊಟ್ಟು ಟ್ರ್ಯಾಪ್ ಮಾಡುವುದೂ ಎಣ್ಣೆ ಹಿಂತಿರುಗಲೆಂದೇ. ಪೈಪಿನ ಅಳತೆ ಅಗತ್ಯಕ್ಕಿಂತ ದೊಡ್ಡದಾದರೆ ಗ್ಯಾಸ್ ನಿಧಾನವಾಗುತ್ತದೆ, ಎಣ್ಣೆ ಕಾಯಿಲ್‌ನಲ್ಲೇ ಕೂತುಬಿಡುತ್ತದೆ. ಸೈಟ್ ಗ್ಲಾಸಿನಲ್ಲಿ ಮಟ್ಟ ಇಳಿದದ್ದು ಕಂಡು ಆಪರೇಟರು ಒಂದಿಷ್ಟು ಸುರಿಯುತ್ತಾನೆ. ಮತ್ತೆ ಇಳಿಯುತ್ತದೆ, ಮತ್ತೆ ಸುರಿಯುತ್ತಾನೆ. ಒಂದು ದಿನ ಡಿಫ್ರಾಸ್ಟ್ ಆದ ಮೇಲೋ ಲೋಡ್ ಹೆಚ್ಚಾದಾಗಲೋ ಅಷ್ಟೂ ಎಣ್ಣೆ ಒಟ್ಟಿಗೆ ಹಿಂದಿರುಗಿ ವಾಲ್ವ್ ಪ್ಲೇಟ್ ಮುರಿಯುತ್ತದೆ. ಪೈಪು ಹೊರಗೆ ಸೋರದಿದ್ದರೆ ಎಣ್ಣೆ ವ್ಯೂಹದೊಳಗೇ ಎಲ್ಲೋ ಇದೆ ಎಂದೇ ಅರ್ಥ. ಮಟ್ಟ ಇಳಿದಾಗ ಹುಡುಕಬೇಕಾದ್ದು ಅದನ್ನು. ಡಬ್ಬಿ ತೆರೆಯುವುದು ಆಮೇಲಿನ ಮಾತು.

ಗ್ಯಾಸಿಗೆ ತಕ್ಕ ಎಣ್ಣೆ

ಆವಿಯನ್ನು ಒತ್ತಿ ತಂಪು ಹುಟ್ಟಿಸುವ ಯಂತ್ರಕ್ಕೆ ಜೇಕಬ್ ಪರ್ಕಿನ್ಸ್ 1834ರಲ್ಲಿ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದ. 1870ರ ದಶಕದಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಅಮೋನಿಯ ಕಂಪ್ರೆಸರನ್ನು ಕೈಗಾರಿಕೆಗೆ ಒಗ್ಗುವಂತೆ ಮಾಡಿದ. ಇಪ್ಪತ್ತನೆಯ ಶತಮಾನದ ಆರಂಭದ ಯಂತ್ರಗಳಲ್ಲಿ ಅಮೋನಿಯ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್‌ಗಳು ಬಳಕೆಯಲ್ಲಿದ್ದವು. 1930ರ ಹೊತ್ತಿಗೆ ಥಾಮಸ್ ಮಿಜ್ಲಿ ಮತ್ತು ಸಂಗಡಿಗರ ಕೆಲಸದಿಂದ ಆರ್-12 ಎಂಬ ಗ್ಯಾಸು ಬಂತು. ವಿಷವಲ್ಲ, ಉರಿಯುವುದಿಲ್ಲ ಎಂಬುದು ಅದರ ಹೊಗಳಿಕೆಯಾಗಿತ್ತು. ಕಂಪ್ರೆಸರ್ ಮೆಕ್ಯಾನಿಕ್‌ಗೆ ಮುಖ್ಯವಾದ ಇನ್ನೊಂದು ಗುಣವೂ ಅದಕ್ಕಿತ್ತು: ಪೆಟ್ರೋಲಿಯಂನಿಂದ ತಯಾರಾದ ಖನಿಜ ಎಣ್ಣೆಯಲ್ಲಿ ಅದು ಸಲೀಸಾಗಿ ಬೆರೆಯುತ್ತಿತ್ತು. ಎಣ್ಣೆ ಎಲ್ಲಿಗೆ ಹೋದರೂ ಗ್ಯಾಸು ಅದನ್ನು ಕರಗಿಸಿಕೊಂಡು ವಾಪಸು ತರುತ್ತಿತ್ತು. ಮುಂದಿನ ಅರವತ್ತು ವರ್ಷ ಎಣ್ಣೆಯ ಆಯ್ಕೆ ತಲೆನೋವಾಗಲಿಲ್ಲ. ನಮ್ಮ ವರ್ಕ್‌ಶಾಪುಗಳಲ್ಲಿ ಸುನಿಸೋ 3ಜಿಎಸ್, 4ಜಿಎಸ್ ಎಂಬ ಹೆಸರುಗಳು ಎಣ್ಣೆ ಎಂಬ ಪದಕ್ಕೇ ಬದಲಿಯಾಗಿ ಓಡಾಡಿದ ಕಾಲ ಅದು. 3ಜಿಎಸ್ ತೆಳು, 4ಜಿಎಸ್ ಅದಕ್ಕಿಂತ ಮಂದ. ಎರಡೂ ಮೇಣದ ಅಂಶ ಕಡಿಮೆಯಿರುವ ನ್ಯಾಫ್ತೀನ್ ಜಾತಿಯವು. ಮೇಣ ಹೆಚ್ಚಿದ್ದರೆ ಥಂಡಿಯಲ್ಲಿ ಹೆಪ್ಪುಗಟ್ಟಿ ಎಕ್ಸ್‌ಪ್ಯಾನ್ಶನ್ ವಾಲ್ವಿನ ಸಣ್ಣ ರಂಧ್ರವನ್ನು ಕಟ್ಟಿಬಿಡುತ್ತದೆ.

ಇನ್ನೊಂದು ಗ್ಯಾಸಾದ ಆರ್-22 ಖನಿಜ ಎಣ್ಣೆಯಲ್ಲಿ ಅಷ್ಟು ಚೆನ್ನಾಗಿ ಬೆರೆಯುವುದಿಲ್ಲ. ತೀರ ಕಡಿಮೆ ಉಷ್ಣತೆಯಲ್ಲಿ ಎರಡೂ ಬೇರೆಬೇರೆ ಪದರವಾಗುತ್ತವೆ. ಅಂಥ ಕಡೆ ಆಲ್ಕೈಲ್ ಬೆಂಜೀನ್ ಎಂಬ ಸಂಶ್ಲೇಷಿತ ಎಣ್ಣೆ ಬಂತು. ನಿಜವಾದ ತಿರುವು 1987ರ ಮಾಂಟ್ರಿಯಲ್ ಒಪ್ಪಂದದ್ದು. ಓಜೋನ್ ಪದರವನ್ನು ತೆಳ್ಳಗಾಗಿಸುವ ಆರ್-12 ಮತ್ತು ಅದರ ಬಳಗವನ್ನು ಕೈಬಿಡಬೇಕಾಯಿತು. ಭಾರತ 1992ರಲ್ಲಿ ಒಪ್ಪಂದ ಸೇರಿತು. ಅಭಿವೃದ್ಧಿಶೀಲ ದೇಶಗಳಿಗೆ ಕೊಟ್ಟ ಗಡುವು 2010ರ ಜನವರಿ 1. ಬದಲಿಗೆ ಬಂದ ಆರ್-134ಎ ಅಣುವಿನಲ್ಲಿ ಕ್ಲೋರಿನ್ ಇಲ್ಲ, ಖನಿಜ ಎಣ್ಣೆಯಲ್ಲಿ ಅದು ಬೆರೆಯುವುದೇ ಇಲ್ಲ. ಹೀಗೆ ಪಿಒಇ ಎಂದು ಕರೆಯುವ ಪಾಲಿಯೋಲ್ ಎಸ್ಟರ್ ಎಣ್ಣೆ ಫ್ರಿಜ್ ಮತ್ತು ಚಿಲ್ಲರ್‌ಗಳಿಗೂ, ಪಿಎಜಿ ಎನ್ನುವ ಪಾಲಿಆಲ್ಕಿಲೀನ್ ಗ್ಲೈಕಾಲ್ ಎಣ್ಣೆ ಕಾರುಗಳ ಎಸಿಗೂ ಬಂದವು. ಆಮೇಲೆ ಬಂದ ಆರ್-404ಎ, ಆರ್-407ಸಿ, ಆರ್-410ಎ, ಆರ್-32 ಎಲ್ಲವೂ ಪಿಒಇ ಅಥವಾ ಅದರಂಥ ಸಂಶ್ಲೇಷಿತ ಎಣ್ಣೆಗಳನ್ನೇ ಕೇಳುತ್ತವೆ. ಮನೆಯ ಫ್ರಿಜ್‌ಗಳಲ್ಲಿ ಈಗ ಸಾಮಾನ್ಯವಾಗಿರುವ ಆರ್-600ಎ ಅಂದರೆ ಐಸೊಬ್ಯುಟೇನ್ ಮಾತ್ರ ಹಳೆಯ ಖನಿಜ ಎಣ್ಣೆಯ ಜೊತೆ ಹೊಂದಿಕೊಳ್ಳುತ್ತದೆ.

ಪಿಒಇ ಒಳ್ಳೆಯ ಎಣ್ಣೆಯೇ, ಆದರೆ ತೇವಕ್ಕೆ ಅದರ ಹಸಿವು ವಿಪರೀತ. ಡಬ್ಬಿಯಿಂದ ಬರುವಾಗ ಅದರಲ್ಲಿ ನೀರು ಹತ್ತು ಲಕ್ಷಕ್ಕೆ 50 ಪಾಲಿಗಿಂತ ಕಡಿಮೆ ಇರಬೇಕು. ತೆರೆದಿಟ್ಟರೆ ಗಾಳಿಯಿಂದಲೇ ಹೀರಿ 2000ಕ್ಕೂ ಮೇಲೇರಬಲ್ಲದು. ಪ್ಲಾಸ್ಟಿಕ್ ಕ್ಯಾನಿನ ಗೋಡೆ ದಾಟಿಯೂ ತೇವ ಒಳನುಸುಳುವುದರಿಂದ ಅದನ್ನು ಲೋಹದ ಡಬ್ಬಿಯಲ್ಲಿ ಮಾರುತ್ತಾರೆ. ಹೀರಿದ ನೀರು ಬಿಸಿಯಲ್ಲಿ ಎಸ್ಟರನ್ನು ಒಡೆದು ಮತ್ತೆ ಆಮ್ಲ, ಆಲ್ಕೊಹಾಲ್ ಮಾಡುತ್ತದೆ. ಖನಿಜ ಎಣ್ಣೆಯೊಳಗಿನ ನೀರನ್ನು ವ್ಯಾಕ್ಯೂಮ್ ಪಂಪ್ ಎಳೆದು ಹಾಕಬಲ್ಲದು. ಪಿಒಇ ಬಿಗಿಯಾಗಿ ಹಿಡಿದ ನೀರು ವ್ಯಾಕ್ಯೂಮಿಗೆ ಸುಲಭಕ್ಕೆ ಬಗ್ಗುವುದಿಲ್ಲ, ಫಿಲ್ಟರ್ ಡ್ರೈಯರ್ ಬೇಕೇ ಬೇಕು. ಅರ್ಧ ಉಳಿದ ಡಬ್ಬಿಯ ಮುಚ್ಚಳ ಒತ್ತಿ ಮುಂದಿನ ಕೆಲಸಕ್ಕೆ ಎತ್ತಿಡುವ ಅಭ್ಯಾಸ ಖನಿಜ ಎಣ್ಣೆಯ ಕಾಲದಿಂದ ಉಳಿದುಕೊಂಡಿದೆ. ಪಿಒಇ ಮಟ್ಟಿಗೆ ಅದು ದುಬಾರಿ ಉಳಿತಾಯ.

ಎಣ್ಣೆಯ ಮಂದತನವನ್ನು ಐಎಸ್‌ಒ ವಿಜಿ ಅಂಕಿಯಿಂದ ಹೇಳುತ್ತಾರೆ: 32, 46, 68, 100. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದ ಸ್ನಿಗ್ಧತೆ ಅದು. ಅಮೋನಿಯ ಪಿಸ್ಟನ್ ಕಂಪ್ರೆಸರುಗಳಿಗೆ ಸಾಮಾನ್ಯವಾಗಿ 68. ಅಂಕಿ ಹೊಂದಿದರೆ ಸಾಕು, ಯಾವ ಜಾತಿಯಾದರೇನು ಎಂದು ತಿಳಿಯಬಾರದು. ಅಮೋನಿಯ ಯಂತ್ರಕ್ಕೆ ಪಿಒಇ ಸುರಿದರೆ ಎರಡೂ ಸೇರಿ ಮಡ್ಡಿಯಾಗಿ ಫಿಲ್ಟರ್, ಪಂಪ್ ಎಲ್ಲ ಕಟ್ಟಿಕೊಳ್ಳುತ್ತವೆ.

ಕೆಟ್ಟದ್ದನ್ನು ಗುರುತಿಸುವುದು

ಹೊಸ ಖನಿಜ ಎಣ್ಣೆ ತಿಳಿ ಹೊಂಬಣ್ಣದ್ದು, ಪಿಒಇ ಹೆಚ್ಚುಕಡಿಮೆ ನೀರಿನಷ್ಟು ತಿಳಿ. ಬಳಕೆಯಲ್ಲಿ ಬಣ್ಣ ಕೊಂಚ ಗಾಢವಾಗುವುದು ಸಹಜ; ಅದೊಂದೇ ಕಾರಣಕ್ಕೆ ಹೊರಚೆಲ್ಲಬೇಕಿಲ್ಲ. ಕಂದು ದಾಟಿ ಕಪ್ಪಾಗಿ, ಸುಟ್ಟ ಘಾಟು ಹೊಡೆದರೆ ಎಣ್ಣೆ ಬಿಸಿಗೆ ಬೆಂದಿದೆ ಅಥವಾ ಮೋಟರಿನ ವೈಂಡಿಂಗ್ ಸುಟ್ಟಿದೆ. ಹಾಲು ಬೆರೆಸಿದಂತೆ ಮಂಕಾಗಿದ್ದರೆ ನೀರು ಸೇರಿದೆ; ಚಿಲ್ಲರ್ ಅಥವಾ ಕಂಡೆನ್ಸರಿನ ಟ್ಯೂಬು ತೂತಾಗಿರುವ ಸಂದೇಹಪಡಬೇಕು. ಡಿಸ್‌ಚಾರ್ಜ್ ವಾಲ್ವ್‌ಗಳ ಮೇಲೆ ಇದ್ದಿಲಿನಂಥ ಕರಿ ಕಟ್ಟಿದ್ದರೆ ಆ ಬದಿಯ ಉಷ್ಣತೆ ಮಿತಿ ಮೀರುತ್ತಿದೆ. ಇವೆಲ್ಲಕ್ಕಿಂತ ಮೋಸದ ಲಕ್ಷಣ ತಾಮ್ರದ ಲೇಪ. ತೇವದಿಂದ ಹುಟ್ಟಿದ ಆಮ್ಲ ಪೈಪಿನ ತಾಮ್ರವನ್ನು ಕರಗಿಸಿ ತಂದು ಬೇರಿಂಗಿನ, ಕ್ರ್ಯಾಂಕಿನ ಬಿಸಿಯಾದ ಉಕ್ಕಿನ ಮೇಲೆ ಕೂರಿಸುತ್ತದೆ. ಬಿಚ್ಚಿದಾಗ ನೋಡಲು ಚೆಂದ ಹೊಳೆಯುತ್ತದೆ. ಅಷ್ಟರಲ್ಲಿ ಬೇರಿಂಗಿನ ಸಂದು ಕಿರಿದಾಗಿ ಯಂತ್ರ ಹಿಡಿದುಕೊಳ್ಳುವ ಹಂತಕ್ಕೆ ಬಂದಿರುತ್ತದೆ.

ಕಣ್ಣಳತೆಗೆ ಸಿಗದ್ದನ್ನು ಪ್ರಯೋಗಾಲಯ ಹೇಳುತ್ತದೆ. ಓಡುತ್ತಿರುವ ಅಥವಾ ಆಗಷ್ಟೇ ನಿಲ್ಲಿಸಿದ ಯಂತ್ರದಿಂದ ಒಣಗಿದ ಶುದ್ಧ ಬಾಟಲಿಗೆ ಮಾದರಿ ತೆಗೆಯಬೇಕು. ತಣ್ಣಗಾಗಿ ಕಸರು ತಳ ಸೇರಿದ ಮೇಲೆ ತೆಗೆದದ್ದಕ್ಕೆ ಬೆಲೆಯಿಲ್ಲ. ಸ್ನಿಗ್ಧತೆ, ನೀರಿನ ಪ್ರಮಾಣ, ಆಮ್ಲದ ಅಂಕ, ಲೋಹಗಳ ಕುರುಹು ಇಷ್ಟನ್ನು ನೋಡುತ್ತಾರೆ. ಖನಿಜ ಎಣ್ಣೆಯ ಆಮ್ಲದ ಅಂಕ ಗ್ರಾಮಿಗೆ 0.05 ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಸುತ್ತ ಬಂತೆಂದರೆ ಎಚ್ಚರಿಕೆಯ ಗಂಟೆ; ಪಿಒಇಗೆ ಇದಕ್ಕಿಂತ ಸ್ವಲ್ಪ ಹೆಚ್ಚಿನ ರಿಯಾಯಿತಿ ಉಂಟು. ಕಬ್ಬಿಣ ಏರುತ್ತಿದ್ದರೆ ಲೈನರ್ ಅಥವಾ ರಿಂಗ್, ತವರ-ಸೀಸ ಕಂಡರೆ ಬಿಳಿಲೋಹದ ಬೇರಿಂಗ್, ಸಿಲಿಕಾನ್ ಕಂಡರೆ ಹೊರಗಿನ ಧೂಳು. ಒಂದೇ ಪರೀಕ್ಷೆಯ ಅಂಕಿಗಿಂತ ಹಲವು ಪರೀಕ್ಷೆಗಳ ಏರಿಳಿತ ಹೆಚ್ಚು ಮಾತಾಡುತ್ತದೆ. ಎಣ್ಣೆ ಮಾತ್ರ ಬದಲಿಸಿ ಕಾರಣವನ್ನು ಬಿಟ್ಟರೆ ಹೊಸ ಎಣ್ಣೆಯೂ ಕೆಲವೇ ವಾರಗಳಲ್ಲಿ ಹಳೆಯದರ ಗತಿಯನ್ನೇ ಕಾಣುತ್ತದೆ.

ಅವಧಿ

ಸ್ಥಳದಲ್ಲೇ ಪೈಪು ಬೆಸೆದು ಕಟ್ಟಿದ ಹೊಸ ಘಟಕದಲ್ಲಿ ಬೆಸುಗೆಯ ಚಕ್ಕೆ, ತುಕ್ಕು, ಮರಳು ಒಳಗುಳಿದಿರುತ್ತವೆ. ಮೊದಲ 100 ತಾಸಿನ ಓಟದ ನಂತರ ಎಣ್ಣೆ, ಫಿಲ್ಟರ್ ಎರಡನ್ನೂ ಬದಲಿಸಬೇಕೆಂಬ ಸಲಹೆ ವ್ಯಾಪಕ. ಆಮೇಲಿನ ಅವಧಿ ಯಂತ್ರಕ್ಕೆ ತಕ್ಕಂತೆ. ಮೋಟರನ್ನೂ ಒಳಗೇ ಮುಚ್ಚಿದ, ಆದರೆ ಬೋಲ್ಟ್ ಬಿಚ್ಚಿ ತೆರೆಯಬಹುದಾದ ಸೆಮಿ-ಹರ್ಮೆಟಿಕ್ ಪಿಸ್ಟನ್ ಕಂಪ್ರೆಸರುಗಳಿಗೆ ಸುಮಾರು ಮೂರು ವರ್ಷ ಅಥವಾ 10,000ದಿಂದ 12,000 ತಾಸು ಎಂದು ಹೇಳುವ ತಯಾರಕರಿದ್ದಾರೆ. ತೆರೆದ ಮಾದರಿಯ ಅಮೋನಿಯ ಯಂತ್ರಗಳಿಗೆ ಇದಕ್ಕಿಂತ ಬೇಗ. ದೊಡ್ಡ ಸ್ಕ್ರೂ ಕಂಪ್ರೆಸರುಗಳಲ್ಲಿ ನೂರಾರು ಲೀಟರ್ ಎಣ್ಣೆ ಇರುವುದರಿಂದ ಗಡಿಯಾರ ನೋಡಿ ಚೆಲ್ಲುವ ಬದಲು ಪರೀಕ್ಷೆ ಮಾಡಿಸಿ ತೀರ್ಮಾನಿಸುವುದೇ ರೂಢಿ.

ಕರ್ನಾಟಕದ ಕರಾವಳಿಯಲ್ಲಿ ಈ ಅವಧಿಯನ್ನು ಸಮುದ್ರವೂ ನಿರ್ಧರಿಸುತ್ತದೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಮಲ್ಪೆ, ಮಂಗಳೂರು ಕಡೆಯ ಐಸ್ ಪ್ಲಾಂಟುಗಳಿಗೆ ಬೇಡಿಕೆ ತಗ್ಗಿ ಯಂತ್ರ ಬಿಚ್ಚಲು ಬಿಡುವು ಸಿಗುವುದು ಆಗಲೇ. ಆದರೆ ಆಗಲೇ ಮಳೆಗಾಲ; ಗಾಳಿಯಲ್ಲಿ ತೇವ ತುಂಬಿ ತುಳುಕುವ ಕಾಲ. ಎಣ್ಣೆಯ ಡಬ್ಬಿಯನ್ನು ಹಿಂದಿನ ದಿನವೇ ತೆರೆದಿಡಬಾರದು, ಕಂಪ್ರೆಸರಿನ ಬಾಗಿಲು ಬಿಚ್ಚಿ ಊಟಕ್ಕೆ ಹೋಗಬಾರದು ಎಂಬ ಮಾತಿಗೆ ಅಲ್ಲಿ ತೂಕ ಹೆಚ್ಚು. ಪಿಒಇ ಇರುವ ಕಂಪ್ರೆಸರನ್ನು 15 ನಿಮಿಷಕ್ಕಿಂತ ಹೆಚ್ಚು ತೆರೆದಿಡಬೇಡಿ ಎಂದು ತಯಾರಕರು ಹೇಳುವುದು ಒಣ ಹವೆಯ ದೇಶಗಳಿಗೂ ಸೇರಿಸಿಯೇ.

ಬದಲಿಸುವ ಕ್ರಮ

ಸರ್ವಿಸ್ ವಾಲ್ವ್ ಇರುವ ಸೆಮಿ-ಹರ್ಮೆಟಿಕ್ ಅಥವಾ ತೆರೆದ ಪಿಸ್ಟನ್ ಕಂಪ್ರೆಸರಿನಲ್ಲಿ ಕೆಲಸ ಹೀಗೆ ಸಾಗುತ್ತದೆ. ಮೊದಲು ಯಂತ್ರವನ್ನು ಓಡಿಸಿ ಎಣ್ಣೆಯನ್ನು ಬೆಚ್ಚಗಾಗಿಸಬೇಕು. ಬೆಚ್ಚಗಿನ ಎಣ್ಣೆ ಪೂರ್ತಿ ಇಳಿಯುತ್ತದೆ, ಅದರಲ್ಲಿ ಕರಗಿದ ಗ್ಯಾಸೂ ಕಡಿಮೆ. ಆಮೇಲೆ ಸಕ್ಷನ್ ವಾಲ್ವ್ ಮುಚ್ಚಿ ಕಂಪ್ರೆಸರನ್ನು ಓಡಿಸುತ್ತ ಕ್ರ್ಯಾಂಕ್‌ಕೇಸಿನ ಗ್ಯಾಸನ್ನು ಆಚೆ ತಳ್ಳಬೇಕು. ಇದೇ ಪಂಪ್ ಡೌನ್. ಎಣ್ಣೆಯೊಳಗೆ ಕರಗಿದ ಗ್ಯಾಸ್ ನಿಧಾನವಾಗಿ ಬಿಡುಗಡೆಯಾಗುವುದರಿಂದ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಒತ್ತಡ ಮತ್ತೆ ಏರುತ್ತದೆ. ಎರಡು ಮೂರು ಬಾರಿ ಇಳಿಸಿ, ಕೊನೆಗೆ ವಾತಾವರಣಕ್ಕಿಂತ ಒಂದೆರಡು ಪಿಎಸ್‌ಐ ಮೇಲೆ ನಿಲ್ಲಿಸುವುದು ಬಲ್ಲವರ ಪದ್ಧತಿ. ವ್ಯಾಕ್ಯೂಮಿಗೆ ಇಳಿಸಿ ಪ್ಲಗ್ ಬಿಚ್ಚಿದರೆ ಹೊರಗಿನ ಹಸಿ ಗಾಳಿಯನ್ನು ಯಂತ್ರವೇ ಎಳೆದುಕೊಳ್ಳುತ್ತದೆ. ಆ ಒಂದೆರಡು ಪಿಎಸ್‌ಐ ಎಣ್ಣೆಯನ್ನು ಹೊರತಳ್ಳಲೂ ನೆರವಾಗುತ್ತದೆ.

ಡಿಸ್‌ಚಾರ್ಜ್ ವಾಲ್ವನ್ನೂ ಮುಚ್ಚಿ, ಮೇನ್ ಸ್ವಿಚ್ ತೆಗೆದು ಬೀಗ ಹಾಕಿ, ಬೋರ್ಡಿಗೆ ಕೆಲಸ ನಡೆಯುತ್ತಿದೆ ಎಂಬ ಚೀಟಿ ತೂಗಿಸಿದ ಮೇಲಷ್ಟೇ ಪ್ಲಗ್ಗಿಗೆ ಸ್ಪ್ಯಾನರ್ ಹಾಕಬೇಕು. ಕ್ರ್ಯಾಂಕ್‌ಕೇಸ್ ಹೀಟರಿನ ಸರಬರಾಜು ಬೇರೆ ಫ್ಯೂಸಿನಿಂದ ಬರುವ ಕಡೆ ಅದನ್ನು ಆರಿಸಲು ಮರೆಯುವವರು ಬಹಳ. ಎಣ್ಣೆಯಿಲ್ಲದ ಸಂಪಿನಲ್ಲಿ ಹೀಟರ್ ಉರಿದರೆ ಅದೇ ಸುಟ್ಟುಹೋಗುತ್ತದೆ. ಇಳಿದ ಎಣ್ಣೆಯನ್ನು ಅಳತೆಯ ಪಾತ್ರೆಗೆ ಹಿಡಿಯಬೇಕು. ಎಷ್ಟು ಬಂತು ಎಂಬುದೂ ಒಂದು ಸುದ್ದಿ. ಪಕ್ಕದ ಬಾಗಿಲು ತೆಗೆದರೆ ತಳದ ಕಸರು ಕಾಣುತ್ತದೆ. ಅಯಸ್ಕಾಂತದ ಪ್ಲಗ್ಗಿಗೆ ಮೆತ್ತಿದ ಕಬ್ಬಿಣದ ಹುಡಿ ಬೆರಳಿಗೆ ನುಣ್ಣಗೆ ಸಿಕ್ಕಿದರೆ ಸಾಮಾನ್ಯ ಸವೆತ. ಚೂಪು ಚಕ್ಕೆ ಸಿಕ್ಕಿದರೆ ಒಳಗೆ ಏನೋ ಮುರಿದಿದೆ. ಒರೆಸಲು ಎಳೆ ಬಿಡದ ಬಟ್ಟೆ ಬೇಕು. ವರ್ಕ್‌ಶಾಪಿನಲ್ಲಿ ಕೈಗೆ ಸಿಗುವ ಕಾಟನ್ ವೇಸ್ಟಿನ ಎಳೆಗಳು ಆಯಿಲ್ ಪಂಪಿನ ಜಾಳಿಗೆಗೆ ಸಿಕ್ಕಿ ಹೊಸ ತೊಂದರೆ ತರುತ್ತವೆ. ಜಾಳಿಗೆ ತೊಳೆದು, ಫಿಲ್ಟರ್ ಬದಲಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಬೇಕು. ಹಳೆಯ ಗ್ಯಾಸ್ಕೆಟಿಗೆ ಶೆಲ್ಲಾಕ್ ಬಳಿದು ಮತ್ತೆ ಕೂರಿಸುವುದು ಪುಡಿಗಾಸು ಉಳಿಸುವ ಸಾಹಸ.

ಹೊಸ ಎಣ್ಣೆಯನ್ನು ಕೈಪಂಪಿನಿಂದ, ಮುಚ್ಚಿದ ಡಬ್ಬಿಯಿಂದ ನೇರವಾಗಿ ಏರಿಸುವುದು ಒಳ್ಳೆಯದು. ತೆರೆದ ಬಕೆಟ್ಟು, ಫನಲ್ ಬೇಡ. ಸೈಟ್ ಗ್ಲಾಸಿನ ಅರ್ಧ ಮಟ್ಟಕ್ಕೆ ಬಂದರೆ ಸಾಕು. ಕಾಲಿಂದ ಮುಕ್ಕಾಲಿನ ನಡುವೆ ಇರಲಿ ಎಂದು ಬಹುತೇಕ ತಯಾರಕರು ಹೇಳುತ್ತಾರೆ. ಇರಲಿ ಎಂದು ಒಂದು ಲೀಟರ್ ಜಾಸ್ತಿ ಸುರಿಯುವುದು ಉಪಕಾರವಲ್ಲ: ಕ್ರ್ಯಾಂಕ್ ಎಣ್ಣೆಗೆ ಬಡಿದು ನೊರೆಯೇಳುತ್ತದೆ, ಕರೆಂಟು ಹೆಚ್ಚು ಕುಡಿಯುತ್ತದೆ, ಎಣ್ಣೆ ಹೊರಗೆ ಹಾರುತ್ತದೆ. ಆಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ 500 ಮೈಕ್ರಾನ್ ಪಾದರಸದ ಒತ್ತಡಕ್ಕೆ ಎಳೆದು, ನಿಲ್ಲಿಸಿ, ಒತ್ತಡ ಏರದೆ ನಿಲ್ಲುವುದನ್ನು ನೋಡಬೇಕು. ಈ ಪಂಪಿನ ಸ್ವಂತ ಎಣ್ಣೆಯೂ ಎಳೆದ ತೇವದಿಂದ ಕೆಡುತ್ತದೆ. ಕಂಪ್ರೆಸರಿಗೆ ಹೊಸ ಎಣ್ಣೆ ಹಾಕಲು ಬಂದವನ ವ್ಯಾಕ್ಯೂಮ್ ಪಂಪಿನಲ್ಲಿ ಹೋದ ವರ್ಷದ ಎಣ್ಣೆಯೇ ಇದ್ದರೆ 500 ಮೈಕ್ರಾನ್ ಮುಟ್ಟುವುದು ಕನಸಿನ ಮಾತು.

ವಾಲ್ವ್ ತೆರೆದ ಕೂಡಲೇ ಸ್ಟಾರ್ಟ್ ಒತ್ತಬಾರದು. ಹೀಟರ್ ಕೆಲವು ತಾಸು ಉರಿದು ಎಣ್ಣೆ ಬೆಚ್ಚಗಾಗಬೇಕು. ತಣ್ಣನೆಯ ಎಣ್ಣೆ ಗ್ಯಾಸನ್ನು ಹೀರಿ ಕೂತಿರುತ್ತದೆ. ಸ್ಟಾರ್ಟ್ ಆದೊಡನೆ ಸಂಪಿನ ಒತ್ತಡ ಬಿದ್ದು ಗ್ಯಾಸು ಕುದಿದೆದ್ದು ಸೈಟ್ ಗ್ಲಾಸ್ ತುಂಬ ನೊರೆಯಾಗುತ್ತದೆ, ಪಂಪಿಗೆ ಎಣ್ಣೆಯ ಬದಲು ನೊರೆ ಸಿಗುತ್ತದೆ. ಓಡತೊಡಗಿದ ಮೇಲೆ ನೋಡಬೇಕಾದ್ದು ಎಣ್ಣೆಯ ನಿವ್ವಳ ಒತ್ತಡ. ಪಂಪಿನ ಗೇಜು 90 ಪಿಎಸ್‌ಐ, ಕ್ರ್ಯಾಂಕ್‌ಕೇಸ್ 50 ತೋರಿಸಿದರೆ ಬೇರಿಂಗಿಗೆ ಸಿಗುತ್ತಿರುವುದು 40 ಮಾತ್ರ. ಗೇಜಿನ 90 ಕಂಡು ಸಮಾಧಾನಪಡುವುದು ಹೊಸ ಆಪರೇಟರುಗಳ ಸಾಮಾನ್ಯ ತಪ್ಪು. ನಿವ್ವಳ ಒತ್ತಡ ಸುಮಾರು 9 ಪಿಎಸ್‌ಐಗಿಂತ ಕೆಳಗಿಳಿದು 120 ಸೆಕೆಂಡು ಹಾಗೇ ಇದ್ದರೆ ಯಂತ್ರವನ್ನು ನಿಲ್ಲಿಸುವ ಸುರಕ್ಷಾ ಸ್ವಿಚ್ ಅನೇಕ ಸೆಮಿ-ಹರ್ಮೆಟಿಕ್‌ಗಳಲ್ಲಿ ಇರುತ್ತದೆ. ಪದೇ ಪದೇ ಟ್ರಿಪ್ ಆಗುತ್ತದೆಂದು ಅದಕ್ಕೆ ವೈರ್ ಜೋಡಿಸಿ ಬೈಪಾಸ್ ಮಾಡಿದ ಕಂಪ್ರೆಸರಿಗೆ ಮುಂದೆ ಎಣ್ಣೆಯ ಅಗತ್ಯವೇ ಬೀಳುವುದಿಲ್ಲ.

ಅಮೋನಿಯ ಘಟಕಗಳು

ಬ್ಯಾಡಗಿಯ ಮೆಣಸಿನಕಾಯಿ ಶೈತ್ಯಾಗಾರದಂಥ ಕೋಲ್ಡ್ ಸ್ಟೋರೇಜುಗಳಲ್ಲಿ, ಡೇರಿಗಳಲ್ಲಿ, ಐಸ್ ಪ್ಲಾಂಟುಗಳಲ್ಲಿ ಅಮೋನಿಯದ್ದೇ ಬಳಕೆ ಹೆಚ್ಚು. ಅಮೋನಿಯ ಖನಿಜ ಎಣ್ಣೆಯಲ್ಲಿ ಬೆರೆಯುವುದಿಲ್ಲ, ದ್ರವ ಅಮೋನಿಯ ಎಣ್ಣೆಗಿಂತ ಹಗುರ. ಆದ್ದರಿಂದ ಸೆಪರೇಟರನ್ನು ತಪ್ಪಿಸಿಕೊಂಡು ಹೋದ ಎಣ್ಣೆ ರಿಸೀವರ್, ಅಕ್ಯುಮುಲೇಟರ್, ಕೂಲಿಂಗ್ ಕಾಯಿಲ್‌ಗಳ ತಳ ಸೇರುತ್ತದೆ, ತಾನಾಗಿ ಹಿಂದಿರುಗುವುದಿಲ್ಲ. ಕಾಯಿಲ್‌ನ ಒಳಮೈಗೆ ಎಣ್ಣೆ ಮೆತ್ತಿದರೆ ಶಾಖ ದಾಟುವುದು ಕುಗ್ಗಿ ತಂಪು ಕಡಿಮೆಯಾಗುತ್ತದೆ. ಹೀಗಾಗಿ ಇಲ್ಲಿ ಎಣ್ಣೆಯ ಕೆಲಸ ಎರಡು: ಕಂಪ್ರೆಸರಿಗೆ ಕಾಲಕಾಲಕ್ಕೆ ಎಣ್ಣೆ ಕೂಡಿಸುತ್ತಿರುವುದು, ಪಾತ್ರೆಗಳ ತಳದಿಂದ ಎಣ್ಣೆ ಇಳಿಸುತ್ತಿರುವುದು. ಎರಡರ ಲೆಕ್ಕವನ್ನೂ ಲಾಗ್ ಬುಕ್ಕಿನಲ್ಲಿ ಬರೆದರೆ ಕೂಡಿಸಿದ್ದು, ಇಳಿಸಿದ್ದು ಹೆಚ್ಚುಕಡಿಮೆ ಸರಿಹೋಗಬೇಕು. ಸರಿಹೋಗದಿದ್ದರೆ ಎಲ್ಲೋ ಒಂದು ಪಾತ್ರೆ ಎಣ್ಣೆ ತುಂಬಿಕೊಂಡು ಕೂತಿದೆ.

ಅಮೋನಿಯ ಘಟಕಗಳ ಅಪಘಾತಗಳಲ್ಲಿ ಈ ಎಣ್ಣೆ ಇಳಿಸುವ ಹೊತ್ತಿನವು ಪದೇ ಪದೇ ಕಾಣಿಸುತ್ತವೆ. ಆಗುವುದು ಹೀಗೆ. ಪಾತ್ರೆಯೊಳಗಿನ ಥಂಡಿಗೆ ಎಣ್ಣೆ ಜೋನಿಬೆಲ್ಲದಂತೆ ದಪ್ಪಗಾಗಿರುತ್ತದೆ. ಆಪರೇಟರು ಡ್ರೈನ್ ವಾಲ್ವ್ ಸ್ವಲ್ಪ ತಿರುಗಿಸುತ್ತಾನೆ, ಏನೂ ಬರುವುದಿಲ್ಲ. ಇನ್ನಷ್ಟು ತಿರುಗಿಸುತ್ತಾನೆ, ಆಗಲೂ ಇಲ್ಲ. ಬರುವಾಗ ಬರಲಿ ಎಂದು ಪೂರ್ತಿ ತೆರೆದು, ಕೆಳಗೆ ಡಬ್ಬಿ ಇಟ್ಟು, ಪಕ್ಕದ ಕೆಲಸ ನೋಡಲು ಹೋಗುತ್ತಾನೆ. ಕಟ್ಟಿಕೊಂಡಿದ್ದ ಗಟ್ಟಿ ಎಣ್ಣೆಯ ಬಿರಡೆ ಒಮ್ಮೆಲೇ ಚಿಮ್ಮಿ, ಅದರ ಬೆನ್ನಿಗೇ ದ್ರವ ಅಮೋನಿಯ ನುಗ್ಗುತ್ತದೆ. ಅಮೋನಿಯ ಕುದಿಯುವುದು ಸೊನ್ನೆಗಿಂತ 33 ಡಿಗ್ರಿ ಕೆಳಗೆ. ಹೊರಬಿದ್ದ ದ್ರವ ಕ್ಷಣದಲ್ಲಿ ಆವಿಯಾಗಿ ಕೋಣೆ ತುಂಬುತ್ತದೆ, ವಾಲ್ವ್ ಇರುವ ಜಾಗಕ್ಕೆ ಮತ್ತೆ ಹೋಗಲಾಗುವುದಿಲ್ಲ. ಹತ್ತು ಲಕ್ಷಕ್ಕೆ 300 ಪಾಲು ಅಮೋನಿಯ ಇರುವ ಗಾಳಿಯೇ ಜೀವಕ್ಕೆ ತತ್‌ಕ್ಷಣದ ಅಪಾಯ ಎಂದು ಲೆಕ್ಕ. ಶೇಕಡಾ 15ರಿಂದ 28ರ ನಡುವೆ ಅದು ಕಿಡಿ ಸಿಕ್ಕರೆ ಹೊತ್ತಿಕೊಳ್ಳಲೂ ಬಲ್ಲದು.

ಇದನ್ನು ತಪ್ಪಿಸಲು ಆಯಿಲ್ ಪಾಟ್ ಎಂಬ ಸಣ್ಣ ಪಾತ್ರೆಯನ್ನು ದೊಡ್ಡ ಪಾತ್ರೆಯ ಬುಡಕ್ಕೆ ಜೋಡಿಸುತ್ತಾರೆ. ಎಣ್ಣೆ ಅದಕ್ಕಿಳಿದ ಮೇಲೆ ನಡುವಿನ ವಾಲ್ವ್ ಮುಚ್ಚಿ, ಅದರಲ್ಲಿ ಉಳಿದ ಅಮೋನಿಯವನ್ನು ಸಕ್ಷನ್ ಕಡೆಗೆ ಆವಿಯಾಗಿ ಹೋಗಬಿಡುತ್ತಾರೆ. ಪಾತ್ರೆಯ ಹೊರಮೈಯ ಹಿಮ ಕರಗಿ ಒಣಗಿತೆಂದರೆ ಒಳಗೆ ದ್ರವ ಅಮೋನಿಯ ಉಳಿದಿಲ್ಲವೆಂದು ತಿಳಿಯುತ್ತದೆ. ಡ್ರೈನ್ ತುದಿಗೆ ಎರಡು ವಾಲ್ವ್: ಒಂದು ಮಾಮೂಲಿ, ಇನ್ನೊಂದು ಸ್ಪ್ರಿಂಗಿನದು. ಸ್ಪ್ರಿಂಗಿನ ವಾಲ್ವ್ ಕೈಯಲ್ಲಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ತೆರೆದಿರುತ್ತದೆ. ಅದರ ಹಿಡಿಗೆ ತಂತಿ ಬಿಗಿದು ಸದಾ ತೆರೆದಿಟ್ಟಿರುವುದು ತಪಾಸಣೆಗೆ ಹೋದವರ ಕಣ್ಣಿಗೆ ಬೀಳುವುದುಂಟು. ಅಂಥ ವಾಲ್ವ್ ಇಲ್ಲದಿರುವುದಕ್ಕಿಂತ ಇದು ಕೆಟ್ಟದು, ಏಕೆಂದರೆ ಎಲ್ಲರೂ ಅದನ್ನು ನಂಬಿರುತ್ತಾರೆ. ಮಾಸ್ಕ್, ಕೈಗವಸು, ಹತ್ತಿರದಲ್ಲಿ ನೀರು, ಜೊತೆಗೊಬ್ಬ ಮನುಷ್ಯ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಇಳಿಸಿದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಮತ್ತೆ ಕಂಪ್ರೆಸರಿಗೇ ಹಾಕುವ ರೂಢಿ ಕೆಲವೆಡೆ ಇದೆ. ಬಟ್ಟೆ ಕಸವನ್ನು ಹಿಡಿಯುತ್ತದೆಯೇ ಹೊರತು ನೀರನ್ನೂ ಬೆಂದ ಎಣ್ಣೆಯನ್ನೂ ಹಿಡಿಯಲಾರದು.

ಗ್ಯಾಸ್ ಬದಲಾದಾಗ

ಹಳೆಯ ಗ್ಯಾಸಿನ ಜಾಗಕ್ಕೆ ಹೊಸ ಗ್ಯಾಸ್ ತುಂಬುವಾಗ ಎಣ್ಣೆಯ ಜಾತಿಯೇ ಬದಲಾಗಬೇಕಾಗುತ್ತದೆ. ಆರ್-12 ಯಂತ್ರವನ್ನು ಆರ್-134ಎಗೆ ತಿರುಗಿಸಿದ ಕಾಲದಲ್ಲಿ ರೂಪುಗೊಂಡ ಕ್ರಮ ಈಗಲೂ ಮಾದರಿ. ಪಿಒಇಯಲ್ಲಿ ಉಳಿದ ಖನಿಜ ಎಣ್ಣೆ ಶೇಕಡಾ 5ಕ್ಕಿಂತ ಕಡಿಮೆಯಿರಬೇಕು. ಸಂಪು ಖಾಲಿ ಮಾಡಿದರೂ ಕಾಯಿಲ್, ಪೈಪುಗಳಲ್ಲಿ ಸಾಕಷ್ಟು ಉಳಿದಿರುತ್ತದೆ. ಒಟ್ಟು ಎಣ್ಣೆಯ ಮೂರನೇ ಒಂದು ಭಾಗ ಹೊರಗುಳಿಯುತ್ತದೆ ಎಂದಿಟ್ಟುಕೊಂಡರೆ ಮೊದಲ ಬದಲಾವಣೆಯ ನಂತರ ಹಳೆಯದು ಶೇಕಡಾ 33, ಎರಡನೆಯದರಲ್ಲಿ 11, ಮೂರನೆಯದರಲ್ಲಿ 4ರ ಹತ್ತಿರ. ಮೂರು ಬಾರಿ ಎಂಬ ರೂಢಿಯ ಹಿಂದಿನ ಗಣಿತ ಇಷ್ಟೇ. ಜಾಣತನವಿರುವುದು ಇನ್ನೊಂದು ಕಡೆ: ಪಿಒಇ ಹಳೆಯ ಆರ್-12ರಲ್ಲೂ ಬೆರೆಯುತ್ತದೆ. ಆದ್ದರಿಂದ ಗ್ಯಾಸ್ ಬದಲಿಸುವ ಮೊದಲೇ, ಹಳೆಯ ಗ್ಯಾಸಿನಲ್ಲೇ ಯಂತ್ರವನ್ನು ಒಂದೆರಡು ದಿನ ಪಿಒಇ ಜೊತೆ ಓಡಿಸಿ, ಮೂಲೆಮೂಲೆಯ ಖನಿಜ ಎಣ್ಣೆಯನ್ನು ತೊಳೆದು ತರಿಸಿ, ಇಳಿಸಿ, ಮತ್ತೆ ತುಂಬುತ್ತಾರೆ. ಬೆಳಕಿನ ವಕ್ರೀಭವನ ಅಳೆಯುವ ಪುಟ್ಟ ಉಪಕರಣದಿಂದ ಉಳಿಕೆ ಎಷ್ಟೆಂದು ಸ್ಥಳದಲ್ಲೇ ತಿಳಿಯಬಹುದು. ಆರ್-22 ಯಂತ್ರಗಳಿಗೆ ಈ ತ್ರಾಸ ತಪ್ಪಿಸಲು ಸ್ವಲ್ಪ ಹೈಡ್ರೊಕಾರ್ಬನ್ ಬೆರೆಸಿದ ಆರ್-422ಡಿ, ಆರ್-438ಎ ಥರದ ಮಿಶ್ರಣಗಳು ಬಂದಿವೆ. ಅವು ಖನಿಜ ಎಣ್ಣೆಯನ್ನೇ ಹೇಗೋ ಹಿಂದಕ್ಕೆ ತರುತ್ತವೆ. ಉದ್ದನೆಯ ಪೈಪುಗಳಿರುವ ಕಡೆ ಆ ಭರವಸೆಯನ್ನು ಪೂರ್ತಿ ನಂಬದೆ ಸ್ವಲ್ಪ ಪಿಒಇ ಬೆರೆಸುವುದು ಮೇಲು.

ಮುಚ್ಚಿದ ಕಂಪ್ರೆಸರುಗಳು ಮತ್ತು ವಾಹನಗಳು

ಫ್ರಿಜ್, ಸ್ಪ್ಲಿಟ್ ಎಸಿಗಳ ಕಂಪ್ರೆಸರಿಗೆ ಡ್ರೈನ್ ಪ್ಲಗ್ಗೂ ಇಲ್ಲ, ಸೈಟ್ ಗ್ಲಾಸೂ ಇಲ್ಲ. ಫ್ರಿಜ್ಜಿನದರಲ್ಲಿ ಎಣ್ಣೆ ಇರುವುದೇ ಒಂದೂವರೆ ನೂರರಿಂದ ನಾನೂರು ಮಿಲಿಲೀಟರ್. ಮೋಟರ್ ಸುಟ್ಟು ಆಮ್ಲ ಹರಡಿದ್ದರೆ, ತಪ್ಪು ಎಣ್ಣೆ ಬಿದ್ದಿದ್ದರೆ ಮಾತ್ರ ಬಿಚ್ಚಿ ತಲೆಕೆಳಗೆ ಮಾಡಿ ಸಕ್ಷನ್ ಕೊಳವೆಯಿಂದ ಎಣ್ಣೆ ಇಳಿಸಿ, ಬಂದಷ್ಟನ್ನೇ ಅಳೆದು ಹೊಸದು ತುಂಬುತ್ತಾರೆ. ಐಸೊಬ್ಯುಟೇನ್ ಇರುವ ಫ್ರಿಜ್ಜಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು: ಗ್ಯಾಸ್ ಪೂರ್ತಿ ಬಿಟ್ಟೆವೆಂದುಕೊಂಡರೂ ಎಣ್ಣೆಯಲ್ಲಿ ಕರಗಿದ್ದು ಉಳಿದಿರುತ್ತದೆ, ಬ್ರೇಜಿಂಗ್ ಜ್ವಾಲೆ ತಾಗಿದೊಡನೆ ಭಗ್ಗೆನ್ನುತ್ತದೆ. ಪೈಪನ್ನು ಕಟ್ಟರಿನಿಂದ ಕತ್ತರಿಸಿ, ಎಣ್ಣೆ ಇಳಿಸಿ, ನೈಟ್ರೋಜನ್ ಹಾಯಿಸಿದ ಮೇಲೆಯೇ ಬೆಂಕಿ.

ಕಾರಿನ ಎಸಿಯಲ್ಲಿ ಎಣ್ಣೆ ಬದಲಿಸುವುದಕ್ಕಿಂತ ಬಿಡಿಭಾಗ ಬದಲಿಸಿದಾಗ ಅದರೊಳಗೆ ಹೋದಷ್ಟನ್ನು ತುಂಬಿಕೊಡುವುದೇ ಕೆಲಸ. ವಿದ್ಯುತ್ ಕಾರಿನಲ್ಲಿ ಇದು ನಾಜೂಕು. ಅಲ್ಲಿ ಹೈ ವೋಲ್ಟೇಜ್ ಮೋಟರಿನ ವೈಂಡಿಂಗ್ ಎಣ್ಣೆಯಲ್ಲೇ ತೊಯ್ದಿರುವುದರಿಂದ ವಿದ್ಯುತ್ತನ್ನು ಚೆನ್ನಾಗಿ ತಡೆಯುವ ಪಿಒಇ ಬಳಸುತ್ತಾರೆ. ಪೆಟ್ರೋಲ್ ಕಾರಿಗೆ ಬಳಸಿದ ಚಾರ್ಜಿಂಗ್ ಯಂತ್ರದ ಹೋಸಿನಲ್ಲಿ ಉಳಿದ ಅಲ್ಪ ಪಿಎಜಿ ಬೆರೆತರೂ ನಿರೋಧ ಕುಸಿದು ಕಾರು ದೋಷ ತೋರಿಸಿ ನಿಲ್ಲಬಹುದು.

ಕೆಲವು ದೊಡ್ಡ ಚಿಲ್ಲರ್‌ಗಳಲ್ಲಿ ಈಗ ಶಾಫ್ಟನ್ನು ಅಯಸ್ಕಾಂತ ಬಲದಿಂದ ಯಾವುದಕ್ಕೂ ತಾಗದಂತೆ ತೇಲಿಸುವ ಬೇರಿಂಗ್‌ಗಳಿವೆ. ಅವುಗಳಿಗೆ ಎಣ್ಣೆಯೇ ಬೇಡ.

ಹಳೆಯ ಎಣ್ಣೆಯ ವಿಲೇವಾರಿ

ಇಳಿಸಿದ ಎಣ್ಣೆಯಲ್ಲಿ ಕರಗಿದ ಗ್ಯಾಸ್ ಇರುವುದರಿಂದ ಡಬ್ಬಿಯನ್ನು ಕೂಡಲೇ ಬಿಗಿಯಾಗಿ ಮುಚ್ಚಿದರೆ ಉಬ್ಬುತ್ತದೆ. ಮೋಟರ್ ಸುಟ್ಟ ಯಂತ್ರದ ಎಣ್ಣೆ ಚರ್ಮ ಸುಡುವಷ್ಟು ಆಮ್ಲೀಯವಾಗಿರಬಹುದು. ಭಾರತದಲ್ಲಿ ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅಧಿಕೃತ ಮರುಸಂಸ್ಕರಣೆದಾರರಿಗೇ ಕೊಟ್ಟು ದಾಖಲೆ ಇಟ್ಟುಕೊಳ್ಳಬೇಕು. ಸಂಶ್ಲೇಷಿತ ಎಣ್ಣೆಯನ್ನು ಖನಿಜ ಎಣ್ಣೆಯ ಪೀಪಾಯಿಗೆ ಸುರಿದರೆ ಎರಡೂ ಮರುಸಂಸ್ಕರಣೆಗೆ ಒದಗುವುದಿಲ್ಲ, ಆದ್ದರಿಂದ ಪೀಪಾಯಿ ಬೇರೆ ಬೇರೆ ಇರಬೇಕು. ಗೆದ್ದಲು ಹಿಡಿಯದಿರಲೆಂದು ಮರಕ್ಕೆ ಬಳಿಯಲು, ಸೆಂಟ್ರಿಂಗ್ ಹಲಗೆಗೆ ಸವರಲು ಕೇಳಿಕೊಂಡು ಬರುವವರು ಎಲ್ಲ ಊರಲ್ಲೂ ಇದ್ದಾರೆ. ಅವರ ಕೈಗೆ ಇದನ್ನು ಕೊಡುವುದು ನಿಯಮಕ್ಕೂ ಸಲ್ಲದು, ಬರಿಗೈಯಲ್ಲಿ ಬಳಿಯುವ ಅವರ ಚರ್ಮಕ್ಕೂ ಒಳ್ಳೆಯದಲ್ಲ.